ಅಂತರರಾಷ್ಟ್ರೀಯ ನಿರ್ವಹಣಾ ಮಾನದಂಡಗಳೂ ಅವುಗಳ ಆಡಿಟ್ಟೂ

ಆಡಿಟ್ಟು ಎಂದ ಕೂಡಲೇ ನಮ್ಮ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ರೋಜುಕೀರ್ದಿ, ಖಾತಾ ಪುಸ್ತಕ, ರಸೀತಿಗಳ ಕಟ್ಟು ಇವೇ ನೆನಪಿಗೆ ಬರುವುವು. ಬಂದ ಹಣವೆಷ್ಟು, ಹೋದ ಹಣವೆಷ್ಟು, ಉಳಿದದ್ದು ಪೆಟ್ಟಿಗೆಯಲ್ಲಿದೆಯೇ ಎಂಬುದನ್ನು ನೋಡುವುದು ಆ ಆಡಿಟ್ಟಿನ ಕೆಲಸ. ಪ್ರಕೃತ ಲೇಖನದಲ್ಲಿ ಹೇಳತಕ್ಕ ಆಡಿಟ್ಟು ಬೇರೆ ತೆರನಾದುದು. ಸಂಘವು ತಾನು ಮಾಡುವೆನೆಂದು ಬರೆದಿಟ್ಟುಕೊಂಡಿರುವ ಕೆಲಸವನ್ನು ಬರೆದಂತೆಯೇ ಮಾಡುತ್ತಿದೆಯೇ, ಮಾಡಿದುದಕ್ಕೆ ಸಾಕ್ಷ್ಯವುಂಟೇ, ತಪ್ಪು ನಡೆದಾಗ ಅದರ ಮೂಲವನ್ನು ಹುಡುಕಿ ಸರಿಪಡಿಸಿತೇ ಎಂಬಿವನ್ನು ಇದು ವಿಚಾರಿಸುತ್ತದೆ. ರೈತ ಉತ್ಪಾದಕ ಕಂಪನಿಗಳೂ ಮಾರಾಟ ಸಂಘಗಳೂ ತಮ್ಮ ಮಾಲನ್ನು ಪರದೇಶಕ್ಕೂ ದೊಡ್ಡ ಖರೀದಿದಾರರಿಗೂ ಕೊಡಲು ಹೊರಟಾಗ "ನಿಮಗೆ ಐ.ಎಸ್.ಒ. ಉಂಟೇ?" ಎಂಬ ಪ್ರಶ್ನೆಯು ಎದುರಾಗುತ್ತಿರುವುದರಿಂದ, ಇದರ ಸ್ವರೂಪವನ್ನು ಸಂಘಗಳ ಡೈರೆಕ್ಟರುಗಳೂ ಸದಸ್ಯರೂ ತಿಳಿದಿರುವುದು ಅವಶ್ಯಕ.

ಅವಶ್ಯಕವೇಕೆಂಬುದಕ್ಕೆ ದ್ರಾಕ್ಷಿಯ ದೃಷ್ಟಾಂತವೊಂದನ್ನು ತೆಗೆದುಕೊಳ್ಳೋಣ. ಏಪ್ರಿಲ್ ತಿಂಗಳ ಸವರುವಿಕೆಯಾದ ಮೇಲೆ (ವಿಜಯಪುರದ ಕಡೆಯವರು ಇದನ್ನು ಚಾಟ್ನಿ ಎನ್ನುತ್ತಾರೆ) ಕುಡಿಗಳ ಅತಿಯಾದ ಬೆಳವಣಿಗೆಯನ್ನು ತಡೆದು ಕಣ್ಣುಗಳಲ್ಲಿ ಫಲಶಕ್ತಿಯು ನಿಲ್ಲುವಂತೆ ಮಾಡಲು ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ದ್ರವವನ್ನು ಸಿಂಪಡಿಸುವ ರೂಢಿಯಿತ್ತು. ೨೦೧೦ನೆಯ ಇಸವಿಯ ಹಂಗಾಮಿನಲ್ಲಿ ನಮ್ಮ ದೇಶದಿಂದ ಯೂರೋಪಿಗೆ ಹೋದ ತಾಜಾ ಹಣ್ಣಿನಲ್ಲಿ ಈ ದ್ರವದ ಶೇಷವು, ಅಲ್ಲಿಯ ಮಿತಿಯಾದ ಕಿಲೋಗ್ರಾಮಿಗೆ ೦.೦೫ ಮಿಲಿಗ್ರಾಂ ಪ್ರಮಾಣವನ್ನು ಮೀರಿ ಕಂಡುಬಂದು, ಮಾಲು ಅಲ್ಲಿಯೇ ತಡೆಯಲ್ಪಟ್ಟಿತು. ಆ ಹಣ್ಣಿನ ಬಹುಭಾಗವು ಮಹಾರಾಷ್ಟ್ರದ್ದು. ಆದರೆ ಬೇಸಾಯದ ಪದ್ಧತಿಯು ನಮ್ಮ ಬೆಳೆಗಾರರದ್ದೂ ಅದೇ ಆಗಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಹಣ್ಣು ಪರೀಕ್ಷೆಯಿಲ್ಲದೆ ಹೋಗಿರಲಿಲ್ಲ. ೨೦೦೩ನೆಯ ಇಸವಿಯಲ್ಲಿ ಔಷಧಶೇಷದ ದೂರು ಬಂದಂದಿನಿಂದ ರಫ್ತಿನ ದ್ರಾಕ್ಷಿಗೆ ಪ್ರಯೋಗಾಲಯದ ಪರೀಕ್ಷೆಯನ್ನು ಏರ್ಪಡಿಸಲಾಗಿತ್ತು. ೨೦೦೬ರಿಂದ ತೋಟಗಳನ್ನು ನೋಂದಾಯಿಸಿ ಪೆಟ್ಟಿಗೆಯಿಂದ ತೋಟದವರೆಗೆ ಜಾಡು ಹಿಡಿಯತಕ್ಕ ಗ್ರೇಪ್‌ನೆಟ್ ಎಂಬ ಏರ್ಪಾಡೂ ಇತ್ತು. ಆದರೆ ಪರೀಕ್ಷಿಸತಕ್ಕ ಔಷಧಗಳ ಪಟ್ಟಿಯಲ್ಲಿ ಆಗ ಈ ದ್ರವದ ಹೆಸರಿರಲಿಲ್ಲ. ಪ್ರಯೋಗಾಲಯವು ಹುಡುಕಿದ್ದನ್ನು ಕಾಣುತ್ತದೆಯೇ ಹೊರತು ಹುಡುಕದಿದ್ದುದನ್ನು ಕಾಣುವುದಿಲ್ಲ. ತೋಟದ ಸಿಂಪರಣೆಯ ಪುಸ್ತಕವನ್ನು ಒಂದು ಕೈಯಲ್ಲಿಯೂ ಕೊಳ್ಳುವ ದೇಶದ ಮಿತಿಗಳ ಪಟ್ಟಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ವರ್ಷಕ್ಕೊಮ್ಮೆ ಸಾಲುಸಾಲಾಗಿ ತಾಳೆನೋಡತಕ್ಕ ಹೊಣೆಯು ಒಬ್ಬರದ್ದಾಗಿದ್ದರೆ, ಈ ವ್ಯತ್ಯಾಸವು ಹಣ್ಣು ಕೊಯ್ಯುವ ಬಹಳ ಮುಂಚೆಯೇ ಕಣ್ಣಿಗೆ ಬೀಳಬಹುದಾಗಿತ್ತೆಂಬುದು ನನ್ನ ಅಭಿಪ್ರಾಯ. ಇಂತಹ ಹೊಣೆಗಳನ್ನು ಗೊತ್ತುಮಾಡಿ, ಅವು ನೆರವೇರುತ್ತಿವೆಯೇ ಎಂದು ನೋಡುವುದಕ್ಕೇ ನಿರ್ವಹಣಾ ವ್ಯವಸ್ಥೆಯೆಂದು ಹೆಸರು.

ಮಾಲಿನ ಗುರುತಿಗೂ ವ್ಯವಸ್ಥೆಯ ಗುರುತಿಗೂ ಇರುವ ಭೇದವನ್ನು ಮರೆಯಬಾರದು. ೧೯೩೭ರ ಕಾಯಿದೆಯಂತೆ ನಡೆಯುವ ಆಗ್‌ಮಾರ್ಕ್ ಗುರುತು ಈ ಡಬ್ಬಿಯ ತುಪ್ಪವು, ಈ ಪೊಟ್ಟಣದ ಮೆಣಸಿನ ಪುಡಿಯು ಗೊತ್ತಾದ ದರ್ಜೆಯದೆಂದು ಹೇಳುತ್ತದೆ. ಐ.ಎಸ್.ಒ. ೯೦೦೧ ಎಂಬುದು ಆ ತುಪ್ಪದ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಅದನ್ನು ಮಾಡುವ ಸಂಸ್ಥೆಯು ಕ್ರಮಬದ್ಧವಾಗಿ ನಡೆಯುತ್ತಿದೆಯೆಂದಷ್ಟೇ ಹೇಳುತ್ತದೆ. ಆದಕಾರಣ ಆ ಸರ್ಟಿಫಿಕೇಟಿನ ಗುರುತನ್ನು, ಮಾಲೇ ಪರೀಕ್ಷಿತವಾದುದೆಂದು ಕೊಳ್ಳುವವರು ಭ್ರಮಿಸುವಂತೆ ಡಬ್ಬಿಯ ಮೇಲೆ ಅಚ್ಚುಹಾಕತಕ್ಕದ್ದಲ್ಲ.

ಈ ಮಾನದಂಡಗಳನ್ನು ರಚಿಸುವ ಸಂಸ್ಥೆಯ ಕಥೆ ದೀರ್ಘವಾದುದಲ್ಲ. ೧೯೪೬ನೆಯ ಇಸವಿಯಲ್ಲಿ ೨೫ ದೇಶಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ಸಭೆ ಸೇರಿದರು. ೧೯೪೭ನೆಯ ಇಸವಿ ಫೆಬ್ರವರಿ ೨೩ರಂದು ಸಂಸ್ಥೆಯು ಕಾರ್ಯಾರಂಭ ಮಾಡಿತು. ಅದರ ಕೇಂದ್ರವು ಸ್ವಿಟ್ಜರ್ಲೆಂಡಿನ ಜಿನೀವಾ ನಗರ. ಭಾರತದ ಪರವಾಗಿ ಅದರಲ್ಲಿ ಭಾರತೀಯ ಮಾನಕ ಬ್ಯೂರೋ ಸದಸ್ಯನಾಗಿದೆ. ಮೊದಮೊದಲು ಈ ಸಂಸ್ಥೆಯು ಅಳತೆ, ತಿರುಪು, ಪರೀಕ್ಷಾ ವಿಧಾನ ಇಂತಹ ವಸ್ತುವಿಷಯಗಳಿಗೆ ಮಾನದಂಡಗಳನ್ನು ಮಾಡುತ್ತಿತ್ತು. ಬ್ರಿಟನ್ನಿನಲ್ಲಿ ೧೯೭೯ರಲ್ಲಿ ಹೊರಬಂದ ಬಿ.ಎಸ್. ೫೭೫೦ ಎಂಬುದರ ದಾರಿಯನ್ನು ಹಿಡಿದು ೧೯೮೭ರಲ್ಲಿ ೯೦೦೦ ಸರಣಿಯನ್ನು ಪ್ರಕಟಿಸಿತು. ಪರಿಸರಕ್ಕೆ ಸಂಬಂಧಪಟ್ಟ ೧೪೦೦೧ ಎಂಬುದು ೧೯೯೬ರಲ್ಲಿ, ಆಹಾರದ ಸುರಕ್ಷತೆಗೆ ಸಂಬಂಧಪಟ್ಟ ೨೨೦೦೦ ಎಂಬುದು ೨೦೦೫ರಲ್ಲಿ ಹೊರಬಂದುವು. ವಾಚಕರು ನೆನಪಿಡತಕ್ಕ ಮಾತೊಂದುಂಟು: ಐ.ಎಸ್.ಒ. ಸಂಸ್ಥೆಯು ಮಾನದಂಡವನ್ನು ಬರೆಯುತ್ತದೆ, ಅಷ್ಟೆ. ಯಾರಿಗೂ ಸರ್ಟಿಫಿಕೇಟನ್ನು ಕೊಡುವುದಿಲ್ಲ. ಕೊಡುವವರು ಬೇರೆ ಸ್ವತಂತ್ರ ಸಂಸ್ಥೆಗಳವರು.

ನಮ್ಮವರಿಗೆ ಹೆಚ್ಚು ಬೇಕಾಗುವುದು ಆಹಾರದ ಮಾನದಂಡ. ಇದರ ತಿರುಳು, ಅಪಾಯವು ಎಲ್ಲಿ ಹುಟ್ಟಬಹುದೆಂದು ಮೊದಲೇ ವಿಚಾರಮಾಡಿ, ಅದನ್ನು ತಡೆಯಲೇಬೇಕಾದ ಸ್ಥಾನಗಳನ್ನು ಗುರುತಿಸುವುದು. ಹಾಲನ್ನು ತೆಗೆದುಕೊಳ್ಳಿ. ಕಾಯಿಸುವ ಯಂತ್ರದಲ್ಲಿ ಹಾಲು ೭೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ೧೫ ಸೆಕೆಂಡು ಇರಬೇಕೆಂಬುದು ನಿಯಮ. ಇದು ತಪ್ಪಿದರೆ ಮುಂದಿನ ಯಾವ ಹಂತದಲ್ಲಿಯೂ ರೋಗಾಣುಗಳನ್ನು ಕೊಲ್ಲುವ ಅವಕಾಶವಿಲ್ಲ. ಆದುದರಿಂದ ಇದು ನಿರ್ಣಾಯಕ ಸ್ಥಾನ. ಹಾಲಿನ ಕ್ಯಾನುಗಳನ್ನಿಡುವ ಜಗುಲಿಯ ಸ್ವಚ್ಛತೆಯೂ ಬೇಕಾದುದೇ, ಆದರೆ ಅದು ಆ ದರ್ಜೆಯದಲ್ಲ. ಇಲ್ಲಿ ಆಡಿಟರು "ಉಷ್ಣತೆ ೭೨ ಇದೆಯೇ?" ಎಂದು ಕೇಳಿ ಸುಮ್ಮನಾಗುವುದಿಲ್ಲ. ಆ ಥರ್ಮಾಮೀಟರು ಸರಿಯೆಂದು ಹೇಳಿದವರಾರು, ಯಾವ ತಾರೀಖಿನಲ್ಲಿ, ಯಾವುದರೊಡನೆ ಹೋಲಿಸಿ ನೋಡಿದರು ಎಂದು ಕೇಳುತ್ತಾನೆ. ಎರಡು ಡಿಗ್ರಿ ಹೆಚ್ಚಾಗಿ ತೋರಿಸುವ ಥರ್ಮಾಮೀಟರು ೭೨ನ್ನು ತೋರಿಸುವಾಗ ಹಾಲು ೭೦ ಡಿಗ್ರಿಯಲ್ಲಿರುತ್ತದೆ. ನಮ್ಮ ತೂಕದ ಕಲ್ಲುಗಳಿಗೆ ಮುದ್ರೆ ಹಾಕಿಸುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ.

ಆಡಿಟ್ಟು ನಡೆಯುವ ಕ್ರಮವೇನೆಂದರೆ: ಮೊದಲ ಹಂತದಲ್ಲಿ ಸಂಘವು ಬರೆದುಕೊಂಡಿರುವ ಕ್ರಮಗಳನ್ನು ಓದಿ, ಸಿದ್ಧತೆ ಸಾಕೇ ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ಸ್ಥಳಕ್ಕೆ ಬಂದು, ಕೆಲಸ ನಡೆಯುತ್ತಿರುವಾಗಲೇ ನೋಡುತ್ತಾರೆ, ಆಳುಗಳನ್ನು ಮಾತನಾಡಿಸುತ್ತಾರೆ, ಪುಸ್ತಕಗಳನ್ನು ತೆಗೆಸುತ್ತಾರೆ. ಎಲ್ಲವನ್ನೂ ನೋಡುವುದು ಸಾಧ್ಯವಲ್ಲವಾದುದರಿಂದ ಮಾದರಿಗಳನ್ನು ಆರಿಸಿಕೊಳ್ಳುತ್ತಾರೆ. ಉಗ್ರಾಣದಲ್ಲಿರುವ ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇದು ಯಾವ ತೋಟದ್ದು, ಯಾವ ದಿನ ಕೊಯ್ದದ್ದು, ಅದಕ್ಕೆ ಕೊನೆಯ ಸಿಂಪರಣೆ ಯಾವಾಗ, ಅದೇ ದಿನದ ಉಳಿದ ಪೆಟ್ಟಿಗೆಗಳು ಯಾರಿಗೆ ಹೋದುವು ಎಂದು ಕೇಳಿ, ಗಡಿಯಾರ ನೋಡಿಕೊಂಡು ಕುಳಿತುಕೊಳ್ಳುವುದು ಅವರ ವಾಡಿಕೆ. ಪುಸ್ತಕವು ಸರಿಯಾಗಿರುವ ಸಂಘದಲ್ಲಿ ಉತ್ತರವು ಬೇಗನೆ ಬರುತ್ತದೆ; ಇಲ್ಲದ ಕಡೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಓಡಾಡುತ್ತಾರೆ.

ಕಂಡುಬಂದ ನ್ಯೂನತೆಗಳನ್ನು ದೊಡ್ಡವು ಚಿಕ್ಕವು ಎಂದು ಎರಡಾಗಿ ವಿಂಗಡಿಸುವರು. ಒಂದು ದಿನದ ಸಹಿ ಬಿಟ್ಟುಹೋಗಿದ್ದರೆ ಚಿಕ್ಕದು. ತಿಂಗಳುಗಟ್ಟಲೆ ಯಾರೂ ಬರೆಯದೆ ಆ ಏರ್ಪಾಡೇ ನಿಂತುಹೋಗಿದ್ದರೆ ದೊಡ್ಡದು; ಇದು ತೀರುವವರೆಗೆ ಸರ್ಟಿಫಿಕೇಟು ಸಿಗುವುದಿಲ್ಲ. ಸಿಕ್ಕಿದ ಸರ್ಟಿಫಿಕೇಟು ಮೂರು ವರ್ಷದ್ದು. ನಡುವೆ ವರ್ಷಕ್ಕೊಮ್ಮೆಯಾದರೂ ಬಂದು ನೋಡುವರು.

ಬರವಣಿಗೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಒಂದು ಶೈತ್ಯಾಗಾರಕ್ಕೆ ನಾನು ಬೆಳಿಗ್ಗೆ ಹತ್ತು ಗಂಟೆಗೆ ಹೋದಾಗ, ಅದೇ ದಿನದ ಸಂಜೆ ಆರು ಗಂಟೆಯ ಉಷ್ಣತೆಯು ಆಗಲೇ ಪುಸ್ತಕದಲ್ಲಿ ದಾಖಲಾಗಿತ್ತು. ಗುಮಾಸ್ತನು ಕೆಟ್ಟವನಲ್ಲ, ಸಂಜೆ ಅವನು ಬಸ್ಸಿಗೆ ಹೋಗಬೇಕಾಗಿತ್ತು. ಆದರೆ ಅಂತಹ ಒಂದು ಸಾಲು ಸಿಕ್ಕಿದರೆ ಆಡಿಟರು ಆ ಪುಸ್ತಕದ ಯಾವ ಪುಟವನ್ನೂ ನಂಬುವುದಿಲ್ಲ, ನಂಬಲೂ ಬಾರದು. ಇದಕ್ಕಿಂತ ಖಾಲಿ ಬಿಟ್ಟ ಸಾಲೇ ಮೇಲು. ಔಷಧದ ಕಲೆ ಬಿದ್ದ, ಮೂಲೆ ಮಡಿಚಿದ ಸಿಂಪರಣೆಯ ಪುಸ್ತಕವನ್ನು ಕಂಡರೆ ನನಗೆ ಸಂತೋಷ. ಆರು ತಿಂಗಳ ಬರಹವು ಒಂದೇ ಶಾಯಿಯಲ್ಲಿ ಒಂದೇ ಓಟದಲ್ಲಿದ್ದರೆ ಸಂದೇಹ.

ಹೊರಗಿನವರು ಬರುವ ಮೊದಲು ಸಂಘವು ತಾನೇ ತನ್ನನ್ನು ಪರಿಶೋಧಿಸಿಕೊಳ್ಳಬೇಕೆಂಬುದು ಈ ಮಾನದಂಡಗಳ ಮುಖ್ಯ ನಿಯಮ. ಯಾರೂ ತಮ್ಮ ಕೆಲಸವನ್ನು ತಾವೇ ಪರಿಶೋಧಿಸತಕ್ಕದ್ದಲ್ಲ. ಚಿಕ್ಕ ಸಂಘದಲ್ಲಿ ಜನವೆಲ್ಲಿ ಎಂದು ಕೇಳುವವರುಂಟು. ಉಗ್ರಾಣದವನು ಖರೀದಿಯ ಪುಸ್ತಕವನ್ನೂ ಖರೀದಿಯವನು ಉಗ್ರಾಣವನ್ನೂ ನೋಡಿದರೆ ಸಾಕು. ಅದರಲ್ಲಿ ಸಿಕ್ಕಿದ ತಪ್ಪನ್ನು ಹೇಗೆ ತಿದ್ದಬೇಕೆಂಬುದನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇನೆ. ಔಷಧದ ಚೀಟಿಯಲ್ಲಿ ಕೊಯ್ಲಿಗೆ ಮುಂಚೆ ೭ ದಿನ ಕಾಯಬೇಕೆಂದಿದೆ. ಸದಸ್ಯನೊಬ್ಬನ ತೋಟದಲ್ಲಿ ಸಿಂಪಡಿಸಿದ ೪ನೆಯ ದಿನವೇ ಕೊಯ್ಲಾಗಿದೆ ಎಂದಿಟ್ಟುಕೊಳ್ಳೋಣ. ಆ ಮಾಲನ್ನು ಬೇರೆಯಿರಿಸುವುದು ತತ್ಕಾಲದ ಉಪಾಯ. ಸದಸ್ಯನನ್ನು ಗದರಿಸಿ ಕಳುಹಿಸಿದರೆ ಕೆಲಸ ಮುಗಿಯಲಿಲ್ಲ. ಕೊಯ್ಲು ಹಿಂದಕ್ಕೆ ಬಂದುದೇಕೆ? ಲಾರಿಯು ಎರಡು ದಿನ ಮುಂಚೆ ಬಂತು. ಲಾರಿ ಬಂದರೆ ಕೊಯ್ಯಲು ಹೇಳಿದವರಾರು? ಸಂಘದ ಮೇಸ್ತ್ರಿ. ಅವನು ಸಿಂಪರಣೆಯ ಪುಸ್ತಕವನ್ನು ನೋಡಿದನೇ? ನೋಡಬೇಕೆಂಬ ನಿಯಮವೇ ಇರಲಿಲ್ಲ. ಹಾಗಾದರೆ ಪುಸ್ತಕವನ್ನು ನೋಡಿ ಸಹಿ ಮಾಡಿದ ಹೊರತು ಕೊಯ್ಲಿನ ಚೀಟಿಯನ್ನು ಕೊಡಕೂಡದೆಂದು ನಿಯಮ ಮಾಡಿ, ಎರಡು ತಿಂಗಳ ತರುವಾಯ ಅದು ನಡೆಯುತ್ತಿದೆಯೇ ಎಂದು ನೋಡಬೇಕು. ಇದೇ ನಿಜವಾದ ತಿದ್ದುಪಾಟು.

ಯೂರೋಪಿನ ಹಣ್ಣು ತರಕಾರಿ ವ್ಯಾಪಾರಿಗಳು ಹೆಚ್ಚಾಗಿ ಕೇಳುವುದು ಐ.ಎಸ್.ಒ. ೯೦೦೧ನ್ನಲ್ಲ, ಗ್ಲೋಬಲ್‌ಗ್ಯಾಪ್ ಎಂಬ ಬೇಸಾಯ ಕ್ರಮದ ಮಾನದಂಡವನ್ನು. ಇದು ೧೯೯೭ರಲ್ಲಿ ಯೂರೆಪ್‌ಗ್ಯಾಪ್ ಎಂಬ ಹೆಸರಿನಿಂದ ಹುಟ್ಟಿ ೨೦೦೭ರಲ್ಲಿ ಈ ಹೆಸರನ್ನು ಪಡೆಯಿತು. ಇದರಲ್ಲಿ ಸಣ್ಣ ಹಿಡುವಳಿದಾರರು ಗುಂಪಾಗಿ ಸರ್ಟಿಫಿಕೇಟನ್ನು ಪಡೆಯಬಹುದು. ಗುಂಪಿನ ಒಳಗಿನ ಇನ್‌ಸ್ಪೆಕ್ಟರು ಎಲ್ಲ ಸದಸ್ಯರ ತೋಟವನ್ನೂ ವರ್ಷಕ್ಕೊಮ್ಮೆ ನೋಡಬೇಕು. ಹೊರಗಿನ ಸಂಸ್ಥೆಯು ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ತೋಟಗಳನ್ನಾದರೂ ನೋಡುತ್ತದೆ. ೧೪೪ ಸದಸ್ಯರಿದ್ದರೆ ಒಳಗಿನವನಿಗೆ ೧೪೪, ಹೊರಗಿನವರಿಗೆ ೧೨. ಆ ೧೨ರಲ್ಲಿ ಕಂಡ ದೋಷವು ಒಳಗಿನ ತನಿಖೆಯ ಸಡಿಲಿಕೆಯಿಂದ ಆದುದೆಂದು ತೋರಿದರೆ ತೂಗುಯ್ಯಾಲೆಯಲ್ಲಿ ನಿಲ್ಲುವುದು ೧೪೪ ಮಂದಿಯ ಸರ್ಟಿಫಿಕೇಟು. ಆದಕಾರಣ ಒಳಗಿನ ಇನ್‌ಸ್ಪೆಕ್ಟರ ಕೆಲಸಕ್ಕೆ ಅಧ್ಯಕ್ಷರ ಭಾವಮೈದುನನನ್ನು ನೇಮಿಸುವ ಸಂಘಗಳವರು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಸರ್ಟಿಫಿಕೇಟನ್ನು ಮೂರು ದಿನದಲ್ಲಿ ತಂದುಕೊಡುವೆವೆಂದು ಹೇಳಿಕೊಂಡು ಬರುವವರಿಂದ ಎಚ್ಚರವಾಗಿರತಕ್ಕದ್ದು. ವ್ಯವಸ್ಥೆಯನ್ನು ಕಟ್ಟಿಕೊಡುವ ಸಲಹೆಗಾರನೂ ಅದನ್ನು ಪರಿಶೋಧಿಸಿ ಸರ್ಟಿಫಿಕೇಟು ಕೊಡುವವನೂ ಒಬ್ಬನೇ ಆಗಿರಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಐ.ಎಸ್.ಒ. ಸರ್ಟಿಫಿಕೇಟು ಕೊಡುವ ಸಂಸ್ಥೆಗಳ ಯೋಗ್ಯತೆಯನ್ನು ಪರೀಕ್ಷಿಸಿ ಮಾನ್ಯತೆ ಕೊಡುವುದಕ್ಕಾಗಿ ನಮ್ಮ ದೇಶದಲ್ಲಿ ಭಾರತೀಯ ಗುಣಮಟ್ಟ ಮಂಡಲಿಯ ಅಂಗವಾಗಿ ಎನ್.ಎ.ಬಿ.ಸಿ.ಬಿ. ಎಂಬ ಮಂಡಲಿಯಿದೆ. ಹಣ ಕಟ್ಟುವ ಮೊದಲು ಆ ಸಂಸ್ಥೆಗೆ ಮಾನ್ಯತೆಯುಂಟೇ, ಅದು ನಿಮ್ಮ ಕಸುಬಿಗೆ ಸಂಬಂಧಪಟ್ಟ ವರ್ಗಕ್ಕೆ ಅನ್ವಯಿಸುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು. ಮಾನ್ಯತೆಯಿಲ್ಲದ ಕಾಗದವನ್ನು ಗೋಡೆಗೆ ತೂಗುಹಾಕಬಹುದು, ಖರೀದಿದಾರನು ಒಪ್ಪುವುದಿಲ್ಲ.

ಎಲ್ಲ ಸಂಘಗಳೂ ಇದಕ್ಕೆ ಕೈಹಾಕಬೇಕೆಂದು ನಾನು ಹೇಳುವುದಿಲ್ಲ. ಊರ ಸಂತೆಯಲ್ಲಿ ಮಾರುವ ಸೊಪ್ಪಿಗೆ ಈ ವೆಚ್ಚವು ದಂಡ. ಖರೀದಿದಾರನಿಂದ ಯಾವ ಮಾನದಂಡವು ಬೇಕೆಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಹೊರಡುವುದು ಯುಕ್ತ. ಹೊರಟ ಸಂಘಗಳು ಅರ್ಜಿಗೆ ಮುಂಚೆ ಒಂದು ಪೂರ್ಣ ಹಂಗಾಮಿನ ಸಿಂಪರಣೆ, ಕೊಯ್ಲು, ರವಾನೆಯ ಪುಸ್ತಕಗಳನ್ನು ಬರೆದಿಟ್ಟಿರಬೇಕು. ಎರಡನೆಯ ಹಂತದ ಆಡಿಟ್ಟಿಗೆ ಮೊದಲು ಒಂದು ಸಲವಾದರೂ ಒಳ ಪರಿಶೋಧನೆಯನ್ನು ನಡೆಸಿ, ಅದರ ವರದಿಯನ್ನು ಡೈರೆಕ್ಟರುಗಳ ಸಭೆಯಲ್ಲಿ ಓದಿ, ಆದ ತೀರ್ಮಾನಗಳನ್ನು ನಡವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿರಬೇಕು.