ಕ್ಯಾನ್ಸರ್ ತಡೆ: ಬಾಯಿಯಿಂದಲೇ ಆರಂಭಿಸೋಣ

ಕ್ಯಾನ್ಸರ್ ಬಂದರೆ ‘ಎಲ್ಲವೂ ತಕ್ದೀರ್’ ಎಂದು ಸುಮ್ಮನಾಗುವವರಿದ್ದಾರೆ. ಎಲ್ಲ ಕ್ಯಾನ್ಸರ್‌ಗಳನ್ನೂ ತಡೆಯಲಾಗದು, ನಿಜ. ಆದರೆ ಶೇ. 30ರಿಂದ 50ರಷ್ಟು ಕ್ಯಾನ್ಸರ್‌ಗಳನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುನಾನಿ ಗ್ರಂಥಗಳು ಈ ರೋಗವನ್ನು ‘ಸರತಾನ್’, ಅಂದರೆ ಏಡಿ ಎಂದು ಕರೆದಿವೆ. ಏಡಿ ಹಿಡಿದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಹಿಡಿಯದಂತೆ ನೋಡಿಕೊಳ್ಳುವುದೇ ಜಾಣತನ.

ಅಡಿಕೆಯೂ ಅಪಾಯವೇ

ಮದ್ಯ ನಮ್ಮ ಮನೆಗಳಿಂದ ದೂರವಿದೆ. ಆದರೆ ಬೀಡಿ, ಸಿಗರೇಟು, ಗುಟ್ಕಾ, ಎಲೆ-ಅಡಿಕೆ ದೂರವಿವೆಯೇ? ‘ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ’ ಎನ್ನುವವರು ಒಂದು ವಿಷಯ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಅಡಿಕೆ ಅನೇಕ ಕುಟುಂಬಗಳ ಜೀವನಾಧಾರ ಎಂಬುದು ನಿಜ. ಆದರೂ ವೈದ್ಯನಾಗಿ ಇದನ್ನು ಮುಚ್ಚಿಡಲಾರೆ.

ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಕ್ರಮೇಣ ಬಿಗಿಯಾಗುತ್ತದೆ. ಖಾರ ತಿಂದರೆ ಉರಿಯುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಇದು ಕ್ಯಾನ್ಸರ್‌ಗೆ ತಿರುಗಬಹುದು. ಮದುವೆ ಮನೆಯಲ್ಲಿ ಮಕ್ಕಳ ಕೈಗೆ ಸಿಹಿ ಅಡಿಕೆಯ ಪೊಟ್ಟಣ ಕೊಡಬೇಡಿ. ಚಟ ಅಲ್ಲಿಂದಲೇ ಶುರುವಾಗುತ್ತದೆ. ಊಟದ ನಂತರ ಬಾಯಿಗೆ ಏನಾದರೂ ಬೇಕೆನಿಸಿದರೆ ಸೋಂಪು ಅಥವಾ ಏಲಕ್ಕಿ ಸಾಕು.

ತಟ್ಟೆಯಲ್ಲಿ ಏನಿರಲಿ?

• ಕುರಿ, ದನದ ಮಾಂಸ ಮಿತವಾಗಿರಲಿ. ಬೇಯಿಸಿದ ಮೇಲೆ ತೂಗಿದರೆ ಒಬ್ಬರಿಗೆ ವಾರಕ್ಕೆ ಅರ್ಧ ಕಿಲೋ ಮೀರಬಾರದು. ಉಳಿದ ದಿನ ಬೇಳೆ, ಕಾಳು, ಮೀನು ಇರಲಿ.
• ಕೆಂಡದ ಮೇಲೆ ಸುಟ್ಟ ಕಬಾಬಿನ ಕರಕಲು ಭಾಗ ತೆಗೆದುಹಾಕಿ. ಸಾಸೇಜ್, ಸಲಾಮಿಯಂಥವು ಬೇಡ.
• ದಿನಕ್ಕೆ 400 ಗ್ರಾಂ ತರಕಾರಿ, ಹಣ್ಣು ತಿನ್ನಿ. ಬಿರಿಯಾನಿಯ ಪಕ್ಕದ ಎರಡು ಚೂರು ಸೌತೆಕಾಯಿ ಲೆಕ್ಕಕ್ಕೆ ಬಾರದು.
• ಬೂಷ್ಟು ಹಿಡಿದ ಕಡಲೆಕಾಯಿ, ಕೊಬ್ಬರಿ ಎಸೆದುಬಿಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು.
• ಚಹಾ ಸ್ವಲ್ಪ ಆರಿದ ಮೇಲೆ ಕುಡಿಯಿರಿ.

ಗಾಳಿ, ಆಹಾರ, ನಿದ್ರೆ, ದೇಹದ ಚಲನೆಗಳಲ್ಲಿ ಸಮತೋಲನವಿರಬೇಕೆಂದು ಯುನಾನಿ ಹೇಳುತ್ತದೆ. ವಾರದಲ್ಲಿ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಇದು ಮನೆಯ ಮಹಿಳೆಯರಿಗೂ ಅಷ್ಟೇ ಅಗತ್ಯ. ಅಡುಗೆ ಕೆಲಸ ವ್ಯಾಯಾಮಕ್ಕೆ ಬದಲಲ್ಲ. ಎದೆಹಾಲುಣಿಸುವುದು ಮಗುವಿನ ಜೊತೆಗೆ ತಾಯಿಗೂ ಒಳ್ಳೆಯದು; ಅದು ಸ್ತನ ಕ್ಯಾನ್ಸರ್ ಅಪಾಯವನ್ನು ಕಡಿಮೆ ಮಾಡುತ್ತದೆ.

ತಿಂಗಳಿಗೊಮ್ಮೆ ಬಾಯಿ ನೋಡಿಕೊಳ್ಳಿ

ವುಝೂ ಮಾಡುವಾಗ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸುತ್ತೀರಿ. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಂಚು ಮತ್ತು ಅಡಿಭಾಗ ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ದಂತವೈದ್ಯರಿಗೆ ಅಥವಾ ಸರಕಾರಿ ಆಸ್ಪತ್ರೆಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಮೊದಮೊದಲು ನೋವೇ ಇರದಿರಬಹುದು.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಕರಿಜೀರಿಗೆ, ಜೇನು, ಮಾಜೂನುಗಳನ್ನು ನಂಬಿ ಪರೀಕ್ಷೆಯನ್ನು ಮುಂದೂಡಬೇಡಿ. ಬೇಗ ಪತ್ತೆಯಾದ ಬಾಯಿ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಹೆಚ್ಚು. ಇಂದು ಮನೆಯಲ್ಲಿರುವ ಅಡಿಕೆ ಡಬ್ಬಿಯನ್ನು ಖಾಲಿ ಮಾಡಿ, ಅದಕ್ಕೆ ಸೋಂಪು ತುಂಬಿಸಿಡಿ.