ಟೋಕನ್ ಅನ್ನು ಬಿಲ್ಡ್ ಆರ್ಗ್‌ನಲ್ಲಿ ಕಳಿಸಬೇಡಿ

ಮ್ಯೂನಿಕ್‌ನಿಂದ ಬರೆದಿರುವ ಇಂಜಿನಿಯರ್ ಮಿತ್ರರೇ,

ಡಾಕರ್ ಇಮೇಜ್ ಬಿಲ್ಡ್ ಮಾಡುವಾಗ ಕೊಟ್ಟ ವರ್ಷನ್ ಸಂಖ್ಯೆ ಒಳಗೆ ಖಾಲಿ ಬರುತ್ತಿದೆ ಎಂದಿದ್ದೀರಿ. ಡಾಕರ್‌ಫೈಲಿನಲ್ಲಿ ಆರ್ಗ್ ಸಾಲನ್ನು ಫ್ರಮ್ ಸಾಲಿಗಿಂತ ಮೇಲೆ ಬರೆದಿದ್ದೀರಿ. ಅಲ್ಲಿ ಬರೆದದ್ದು ಫ್ರಮ್ ಸಾಲಿಗಷ್ಟೇ ಸಿಗುತ್ತದೆ. ಅದರ ಕೆಳಗೆ ‘ಆರ್ಗ್ ವರ್ಷನ್’ ಎಂದು ಇನ್ನೊಮ್ಮೆ ಬರೆಯಿರಿ, ಸರಿಹೋಗುತ್ತದೆ.

ನನಗೆ ಚಿಂತೆ ಹತ್ತಿಸಿದ್ದು ನಿಮ್ಮ ಇನ್ನೊಂದು ಮಾತು. ಕಂಪನಿಯ ಖಾಸಗಿ ಪ್ಯಾಕೇಜ್ ತರಿಸುವ ಟೋಕನ್ನನ್ನೂ ಅದೇ ದಾರಿಯಲ್ಲಿ ಕಳಿಸುತ್ತಿದ್ದೀರಿ. ಅದು ರನ್ ಸಾಲುಗಳ ಜೊತೆ ಇಮೇಜಿನಲ್ಲೇ ಉಳಿದುಬಿಡುತ್ತದೆ. ಇಮೇಜ್ ಕೈಗೆ ಸಿಕ್ಕ ಯಾರೇ ಆಗಲಿ, ‘ಡಾಕರ್ ಹಿಸ್ಟರಿ’ ಎಂದು ಟೈಪ್ ಮಾಡಿ ಅದನ್ನು ಓದಬಹುದು. ನೀವಿರುವ ಜರ್ಮನಿಯದೇ ಉದಾಹರಣೆ ನೋಡಿ: ಆಹೆನ್‌ನ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3,37,171 ಇಮೇಜ್‌ಗಳನ್ನು ಜಾಲಾಡಿದ್ದರು. ಅವುಗಳಲ್ಲಿ ಶೇ 8.5ರಷ್ಟರಲ್ಲಿ ಹೊರಬೀಳಬಾರದ ಗುಟ್ಟುಗಳು ಸಿಕ್ಕವು.

ಆರ್ಗ್ ಬದಲು ಡಾಕರ್‌ನ ಬಿಲ್ಡ್‌ಕಿಟ್‌ನಲ್ಲಿರುವ ಸೀಕ್ರೆಟ್ ಮೌಂಟ್ ಬಳಸಿ. ಅದನ್ನು ಬಳಸುವ ಆ ಒಂದು ರನ್ ಸಾಲು ನಡೆಯುವಷ್ಟು ಹೊತ್ತು ಮಾತ್ರ ಟೋಕನ್ ಫೈಲಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ, ಯಾವ ಲೇಯರ್‌ನಲ್ಲೂ ಉಳಿಯುವುದಿಲ್ಲ. ಟೋಕನ್ನನ್ನು ಎನ್ವ್ ಸಾಲಿನಲ್ಲಿ ಇಡುವ ಯೋಚನೆಯಂತೂ ಬೇಡವೇ ಬೇಡ, ಅದು ಓಡುತ್ತಿರುವ ಕಂಟೇನರ್‌ಗೂ ಹೋಗಿ ಸೇರುತ್ತದೆ.

ಇದೆಲ್ಲಕ್ಕೂ ಮೊದಲು, ಇಂದೇ, ಹಳೆಯ ಟೋಕನ್ ರದ್ದು ಮಾಡಿಸಿ. ಇಮೇಜ್ ಅಳಿಸಿದರೆ ಸಾಲದು. ಯಾರಾದರೂ ಆಗಲೇ ಇಳಿಸಿಕೊಂಡಿರಬಹುದು.