ಮೊದಲು ಉರಿಯೂತ ಇಳಿಯಲಿ

1. ಇಸುಬಿಗೋ ಬಾಯಿಹುಣ್ಣಿಗೋ ಪಿಆರ್‌ಪಿ (ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ) ಮಾಡಿಸಬೇಕೆಂದು ಬಂದವರ ಕೆಲಸ ಏನೆಂದು ಮೊದಲು ಕೇಳುತ್ತೇನೆ. ಬೆಂಗಳೂರಿನ ಪೀಣ್ಯದ ಸಿಎನ್‌ಸಿ ಆಪರೇಟರ್‌ಗಳ ಕೈ ಇಸುಬಿಗೆ ಬಹಳ ಸಲ ಕೂಲೆಂಟೇ ಕಾರಣ. ಶಿಫ್ಟ್ ಮುಗಿದ ಮೇಲೆ ಗ್ರೀಸ್ ಬಿಡಿಸಲು ಥಿನ್ನರ್‌ನಲ್ಲಿ ಕೈ ತೊಳೆಯುವುದು ಇನ್ನೂ ಕೆಟ್ಟದ್ದು. ಬೆರಳ ಸಂದಿ ಒಡೆದು, ಬಿರುಕಿನೊಳಗೆ ಕಪ್ಪು ಕೂತಿರುತ್ತದೆ. ಪ್ಲೇಟಿಂಗ್ ಕೆಲಸದವರಾದರೆ ನಿಕ್ಕಲ್, ಕ್ರೋಮ್ ಅಲರ್ಜಿಗೆ ಪ್ಯಾಚ್ ಟೆಸ್ಟ್ ಮಾಡಿಸುತ್ತೇನೆ. ಕಾರಣ ನಿಲ್ಲದೆ ಯಾವ ಚಿಕಿತ್ಸೆಯ ಫಲವೂ ನಿಲ್ಲುವುದಿಲ್ಲ.

2. ಪಿಆರ್‌ಪಿ ರೋಗಿಯದೇ ರಕ್ತದಿಂದ ಆಗುವಂಥದ್ದು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಕೆಂಪು, ನಡುವೆ ತೆಳ್ಳಗಿನ ಬಿಳಿ ಪದರ, ಮೇಲೆ ಹಳದಿ ತಿಳಿ. ಪ್ಲೇಟ್‌ಲೆಟ್ ತುಂಬಿದ ತಿಳಿಯನ್ನು ಹುಣ್ಣಿನ ಸುತ್ತ ಚುಚ್ಚುತ್ತೇವೆ. ಬಾಯಿಯೊಳಗೆ ಉರಿಹುಣ್ಣು ಮಾಡುವ ಲೈಕೆನ್ ಪ್ಲೇನಸ್‌ನಲ್ಲಿ ಕೆಲವರಿಗೆ ಖಾರ ತಿನ್ನುವಷ್ಟು ಉರಿ ಇಳಿದದ್ದನ್ನು ಕಂಡಿದ್ದೇನೆ. ಆದರೆ ಇದರ ಅಧ್ಯಯನಗಳೆಲ್ಲ ಚಿಕ್ಕವು. ಉರಿಯೂತ ಇಳಿಸಲು ಹಚ್ಚುವ ಸ್ಟೀರಾಯ್ಡೇ ಇಂದಿಗೂ ಮೊದಲ ಮದ್ದು.

3. ಅನುಮಾನದ ಹುಣ್ಣಿಗೆ ಬಯಾಪ್ಸಿ ಆಗದೆ ಸೂಜಿ ಬೇಡ. ಬಾಯಿಯ ಲೈಕೆನ್ ಪ್ಲೇನಸ್ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಜೀವಕೋಶ ಬೆಳೆಸುವ ಮದ್ದನ್ನು ಅಂಥ ಜಾಗಕ್ಕೆ ಕುರುಡಾಗಿ ಹಾಕಬಾರದು.

4. ಬಾಯಿಯ ಕ್ಯಾನ್ಸರ್ ಅಂದಮೇಲೆ ಗುಟ್ಕಾ ಮಾತೂ ಬರಬೇಕು. ಕರ್ನಾಟಕದಲ್ಲಿ ಅದು 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು. ನೈಟ್ ಶಿಫ್ಟಿನಲ್ಲಿ ನಿದ್ದೆ ತಡೆಯಲು ಕೆಲಸಗಾರರು ಎರಡನ್ನೂ ಬೆರೆಸಿ ಹಾಕಿಕೊಳ್ಳುತ್ತಾರೆ. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದೇ ಬೆರಳು ಹೋಗುವ ಹುಡುಗರು ಬರುತ್ತಾರೆ. “ತಂಬಾಕು ಬಿಟ್ಟೆ ಸಾರ್, ಬರೀ ಅಡಿಕೆ” ಎನ್ನುತ್ತಾರೆ. ಕೆನ್ನೆಯೊಳಗೆ ನಾರು ಕಟ್ಟಿಸುವುದೇ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿದೆ. ಅಡಿಕೆ ತೋಟದ ಮನೆಯಿಂದ ಬಂದವರಿಗೆ ಇದನ್ನು ಹೇಳುವುದು ಕಷ್ಟ. ಹೇಳಲೇಬೇಕು. ಅಗಿಯುವುದು ಬಿಟ್ಟವರಿಗೆ ಮಾತ್ರ ಕೆನ್ನೆಗೆ ಕೊಡುವ ಇಂಜೆಕ್ಷನ್ನೂ ಬಾಯಿ ತೆರೆಯುವ ವ್ಯಾಯಾಮವೂ ಫಲ ಕೊಡುತ್ತವೆ.

5. ಪಿಆರ್‌ಪಿ ಬಿಟ್ಟರೆ ಜನ ಕೇಳುವುದು ಸ್ಟೆಮ್ ಸೆಲ್. ಆ ವಿಚಾರದಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ನಿಜವಾದ ಹೆಸರಿದೆ. ಅಲ್ಲಿನ ಸ್ಟೆಮ್‌ಪ್ಯೂಟಿಕ್ಸ್ ಕಂಪನಿಯ ಸ್ಟೆಮ್‌ಪ್ಯೂಸೆಲ್‌ಗೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಅದು ಬರ್ಗರ್ ಕಾಯಿಲೆಗೆ, ಅಂದರೆ ಹೆಚ್ಚಾಗಿ ಬೀಡಿ ಸಿಗರೇಟು ಸೇದುವವರ ಕಾಲಿನ ರಕ್ತನಾಳ ಮುಚ್ಚುವ ರೋಗಕ್ಕೆ. ಇಸುಬಿಗಲ್ಲ, ಬಾಯಿಹುಣ್ಣಿಗಲ್ಲ. ಅನುಮತಿ ಇಲ್ಲದ ರೋಗಗಳಿಗೆ ಸ್ಟೆಮ್ ಸೆಲ್ ಕೊಡುವುದಿದ್ದರೆ ಕ್ಲಿನಿಕಲ್ ಟ್ರಯಲ್‌ನೊಳಗೆ ಮಾತ್ರ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಇಎಂಐ ಮೇಲೆ ಪ್ಯಾಕೇಜ್ ಕೊಡುತ್ತೇವೆ ಎಂದವರ ಬಳಿ ಸಿಟಿಆರ್‌ಐಯಲ್ಲಿ, ಅಂದರೆ ದೇಶದ ಟ್ರಯಲ್‌ಗಳ ದಾಖಲೆಯಲ್ಲಿ, ಆ ಟ್ರಯಲ್‌ನ ನೋಂದಣಿ ಸಂಖ್ಯೆ ಕೇಳಿ. ಟ್ರಯಲ್ ಅಂದಮೇಲೂ ದುಡ್ಡು ಕೇಳಿದರೆ ಎದ್ದು ಬನ್ನಿ.